ತುಕ್ಕು ಹಿಡಿದ ಹಳೆಯ ಕಾರು ಮತ್ತೆ ಸ್ಟಾರ್ಟ್ ಆದ ಬಗೆ

ನನ್ನ ಹಳೆಯ ಕಾರಿನ ಬಾಗಿಲುಗಳ ಕೆಳ ಅಂಚು ತುಕ್ಕು ತಿಂದು ಜರಡಿಯಂತಾಗಿತ್ತು. ಬಾನೆಟ್ ಒಂದು ಬಣ್ಣ, ಉಳಿದದ್ದು ಇನ್ನೊಂದು. ನೋಡಲು ಚೆಂದವಿಲ್ಲದಿದ್ದರೂ ಅದನ್ನು ಮಾರುವ ಮನಸ್ಸು ನನಗೆ ಎಂದೂ ಬರಲಿಲ್ಲ. ಕಾಡುತ್ತಿದ್ದದ್ದು ಒಂದೇ: ಕೀಲಿ ತಿರುಗಿಸಿದರೆ ಸ್ಟಾರ್ಟರ್ (ಎಂಜಿನ್ನನ್ನು ಮೊದಲು ತಿರುಗಿಸುವ ಮೋಟಾರು) ನರಳಿ ನಿಲ್ಲುತ್ತಿತ್ತು, ಹೆಡ್‌ಲೈಟ್ ಮಾತ್ರ ಚೆನ್ನಾಗಿ ಉರಿಯುತ್ತಿತ್ತು. ಹೊಸ ಬ್ಯಾಟರಿ ಹಾಕಿದರೂ ಅದೇ ಪಾಡು.

ವೋಲ್ಟ್ ಅಳೆಯುವ ಮಲ್ಟಿಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೆ ಹಿಡಿದು, ಗೆಳೆಯನಿಗೆ ಕೀಲಿ ತಿರುಗಿಸಲು ಹೇಳಿದೆ. ಅರ್ಧ ವೋಲ್ಟ್‌ಗಿಂತ ಕಡಿಮೆ ಇರಬೇಕಾದ ಅಂಕಿ 2 ವೋಲ್ಟ್ ದಾಟಿತು! ದೋಷವಿದ್ದದ್ದು ಎಂಜಿನ್ ಮತ್ತು ಷಾಸಿಯನ್ನು (ಕಾರಿನ ಲೋಹದ ಚೌಕಟ್ಟನ್ನು) ಜೋಡಿಸುವ ಲೋಹದ ಅರ್ತ್ ಪಟ್ಟಿಯಲ್ಲಿ. ಸ್ಟಾರ್ಟರ್ ಎಳೆಯುವ ನೂರಾರು ಆಂಪಿಯರ್ ವಿದ್ಯುತ್ ಬ್ಯಾಟರಿಗೆ ಮರಳುವುದು ಅದರ ಮೂಲಕವೇ. ದೀಪಗಳಿಗೆ ಆ ದಾರಿ ಬೇಕಿಲ್ಲ. ಹಳೆಯ ಕಾರುಗಳಲ್ಲಿ ಬ್ಯಾಟರಿಯನ್ನು ದೂರುವ ಮುನ್ನ ಇದನ್ನು ನೋಡಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿದೆ. ಬೋಲ್ಟ್ ಕೂರುವ ಜಾಗವನ್ನು ಲೋಹ ಹೊಳೆಯುವವರೆಗೆ ಉಪ್ಪುಕಾಗದದಿಂದ ಉಜ್ಜಿ, ಹೆಣೆದ ತಾಮ್ರದ ಹೊಸ ಪಟ್ಟಿಯನ್ನು ಬಿಗಿದು, ಮೇಲೆ ವ್ಯಾಸಲೀನ್ ಸವರಿದೆ. ಚಳಿಯ ಬೆಳಗಿನಲ್ಲೂ ಈಗ ಎಂಜಿನ್ ಒಂದೇ ತಿರುವಿಗೆ ಎದ್ದೇಳುತ್ತದೆ. ಬಾಗಿಲಿನ ತೂತುಗಳು ಹಾಗೆಯೇ ಇವೆ.