ಜ್ವಾಲಾಮುಖಿ ದ್ವೀಪದ ಭೂಶಾಖವನ್ನು ಅಂದಾಜು ಮಾಡುವ ಬಗೆ

ಕೆರಿಬಿಯನ್ ಸಮುದ್ರದ ಮಾಂಟ್ಸೆರಾಟ್‌ನಂಥ, ಸುಮಾರು ಐದು ಸಾವಿರ ಜನರಿರುವ ದ್ವೀಪದಲ್ಲಿ ಭೂಶಾಖದ ಅಂದಾಜನ್ನು ವಿದ್ಯುತ್ತಿನ ಬೇಡಿಕೆಯಿಂದಲೇ ಆರಂಭಿಸಬೇಕು. ಅಲ್ಲಿಗೆ ಬೇಕಿರುವುದು ಕೆಲವೇ ಮೆಗಾವಾಟ್. ಆದ್ದರಿಂದ ನೆಲದಡಿ ಒಟ್ಟು ಎಷ್ಟು ಶಾಖವಿದೆ ಎಂಬುದಕ್ಕಿಂತ, ಒಂದೆರಡು ಬಾವಿಗಳು ಅಷ್ಟನ್ನು ಮೂವತ್ತು ವರ್ಷ ಕೊಡಬಲ್ಲವೇ ಎಂಬುದೇ ಮುಖ್ಯವಾದ ಪ್ರಶ್ನೆ.

ಮೊದಲು ಬುಗ್ಗೆಗಳ ನೀರನ್ನು ಪರೀಕ್ಷಿಸಿ. ಹಬೆಯಿಂದ ಕಾದ ಆಮ್ಲೀಯ ಸಲ್ಫೇಟ್ ನೀರು ಎಷ್ಟೇ ಕುದಿಯುತ್ತಿದ್ದರೂ ಆಳದ ತಾಪಮಾನವನ್ನು ತಿಳಿಸುವುದಿಲ್ಲ. ಕ್ಲೋರೈಡ್ ಹೆಚ್ಚಿರುವ, ಆಮ್ಲೀಯವಲ್ಲದ ನೀರನ್ನು ಹುಡುಕಬೇಕು. ಒಂದು ಬಾಟಲಿಯ ನೀರನ್ನು ಸೋಸಿ ಕೆಲವು ಹನಿ ನೈಟ್ರಿಕ್ ಆಮ್ಲ ಸೇರಿಸಿ. ಇನ್ನೊಂದಕ್ಕೆ ಸ್ಥಳದಲ್ಲೇ ಅಳತೆ ಮಾಡಿ ಶುದ್ಧ ನೀರು ಬೆರೆಸಿ, ಇಲ್ಲವಾದರೆ ತಣಿಯುವಾಗ ಸಿಲಿಕಾ (ಬಂಡೆಯಿಂದ ನೀರಿಗೆ ಕರಗುವ ಖನಿಜ; ಇದರ ಪ್ರಮಾಣದಿಂದ ಆಳದ ತಾಪಮಾನವನ್ನು ಅಂದಾಜಿಸುತ್ತಾರೆ) ಬೇರ್ಪಟ್ಟು ಲೆಕ್ಕ ತಪ್ಪುತ್ತದೆ. ಕರಾವಳಿಯ ಬುಗ್ಗೆಗಳಿಗೆ ಕಡಲ ನೀರು ಬೆರೆತಿರುವುದೇ ಹೆಚ್ಚು. ಆಳದ ಬಿಸಿನೀರಿನಲ್ಲಿ ಮೆಗ್ನೀಷಿಯಂ ತೀರ ಕಡಿಮೆ, ಕಡಲ ನೀರಿನಲ್ಲಿ ಧಾರಾಳ. ಈ ವ್ಯತ್ಯಾಸದಿಂದ ಬೆರಕೆಯ ಪಾಲನ್ನು ಕಳೆದ ಮೇಲೆಯೇ ತಾಪಮಾನವನ್ನು ಲೆಕ್ಕ ಹಾಕಬೇಕು.

ಅನಂತರ ಮ್ಯಾಗ್ನೆಟೋಟೆಲ್ಯೂರಿಕ್ ಸಮೀಕ್ಷೆ, ಅಂದರೆ ನೆಲದಡಿಯ ಪದರಗಳು ವಿದ್ಯುತ್ತನ್ನು ಎಷ್ಟು ಸುಲಭವಾಗಿ ಹರಿಸುತ್ತವೆ ಎಂದು ಮೇಲಿನಿಂದಲೇ ಅಳೆಯುವ ಕೆಲಸ. ಬಿಸಿನೀರಿನ ಆಗರದ ಮೇಲೆ ವಿದ್ಯುತ್ತನ್ನು ಸುಲಭವಾಗಿ ಹರಿಸುವ ಜೇಡಿಯ ಪದರ ಮುಚ್ಚಳದಂತೆ ಕೂತಿರುತ್ತದೆ. ಆದರೆ ಉಪ್ಪುನೀರು ಹೀರಿದ ಬಂಡೆಯೂ, ಎಂದೋ ತಣಿದುಹೋದ ಆಗರದ ಹಳೆಯ ಜೇಡಿಯೂ ಹಾಗೆಯೇ ಕಾಣುತ್ತವೆ. ಹೀಗಾಗಿ ಇದೊಂದನ್ನೇ ನಂಬಿ ಬಾವಿ ಕೊರೆಯುವುದು ಸರಿಯಲ್ಲವೆಂದು ನಾನು ಒತ್ತಿ ಹೇಳುತ್ತೇನೆ. ಭೂಕಂಪನ ದತ್ತಾಂಶವನ್ನೂ ಸ್ತರಭಂಗಗಳ (ಬಂಡೆ ಬಿರಿದು ಜರುಗಿದ ಸೀಳುಗಳ) ನಕ್ಷೆಯನ್ನೂ ಜೊತೆಗಿಟ್ಟು ನೋಡಬೇಕು. ಮಾಂಟ್ಸೆರಾಟ್‌ನಲ್ಲಿ ಇಂಥ ಸಮೀಕ್ಷೆಗಳ ನಂತರ 2013ರಲ್ಲಿ ಕೊರೆದ ಎರಡು ಬಾವಿಗಳಲ್ಲೂ 200 ಡಿಗ್ರಿ ಸೆಲ್ಸಿಯಸ್ ಮೀರಿದ ತಾಪ ಸಿಕ್ಕಿತು.

ಲೆಕ್ಕ ಹೀಗೆ: ಒಂದು ಘನ ಮೀಟರ್ ಬಂಡೆ ಒಂದು ಡಿಗ್ರಿ ತಣಿದರೆ ಸುಮಾರು 26 ಲಕ್ಷ ಜೂಲ್ ಶಾಖ ಬಿಡುತ್ತದೆ. ಒಂದು ಘನ ಕಿಲೋಮೀಟರ್ ಬಂಡೆ 50 ಡಿಗ್ರಿ ತಣಿದು, ಆ ಶಾಖದ ಶೇ. 10 ಮೇಲೆ ಬಂದು, ಅದರಲ್ಲಿ ಶೇ. 10 ವಿದ್ಯುತ್ತಾದರೆ 30 ವರ್ಷ ಕಾಲ ದೊರೆಯುವುದು ಸುಮಾರು 1.4 ಮೆಗಾವಾಟ್. ಮೇಲೆ ಬರುವ ಪಾಲು ಅತ್ಯಂತ ಅನಿಶ್ಚಿತವಾದ ಅಂಕಿಯಾದ್ದರಿಂದ ಒಂದೇ ಉತ್ತರ ಕೊಡದೆ, ಕನಿಷ್ಠದಿಂದ ಗರಿಷ್ಠದವರೆಗಿನ ಹರವನ್ನು ಕೊಡಿ. ಸಾಲದ ಮಾತುಕತೆಗೆ ಆ ಹರವಿನ ಕನಿಷ್ಠ ಅಂಕಿಯನ್ನೇ ಬಳಸಿ.

ಬಂಡೆ ಬಿಸಿಯಾಗಿದ್ದರೂ ಬಿರುಕುಗಳಿಲ್ಲದಿದ್ದರೆ ನೀರು ಹರಿಯದು. ಆದ್ದರಿಂದ ಬಾವಿಯನ್ನು ವಾರಗಟ್ಟಲೆ ಹರಿಸಿ, ನಿಲ್ಲಿಸಿದ ಮೇಲೆ ಒತ್ತಡ ಹಿಂದಿನ ಮಟ್ಟಕ್ಕೆ ಮರಳಲು ಎಷ್ಟು ಕಾಲ ಹಿಡಿಯುತ್ತದೆಂದು ದಾಖಲಿಸಿ. ಮಾಂಟ್ಸೆರಾಟ್‌ನಲ್ಲಿ 1995ರಲ್ಲಿ ಆರಂಭವಾದ ಜ್ವಾಲಾಮುಖಿ ಸ್ಫೋಟಗಳು ರಾಜಧಾನಿ ಪ್ಲಿಮತ್ ಅನ್ನೇ ಬೂದಿಯಲ್ಲಿ ಹೂತುಹಾಕಿದ್ದರಿಂದ, ಬಾವಿಯ ಜಾಗವನ್ನು ಅಂತಿಮಗೊಳಿಸುವ ಮುನ್ನ ಜ್ವಾಲಾಮುಖಿ ವೀಕ್ಷಣಾಲಯದ ಅಪಾಯ ನಕ್ಷೆಯೊಂದಿಗೆ ಹೋಲಿಸಿ ನೋಡುವುದು ಕಡ್ಡಾಯ.