ಗ್ಲುಟ್-1 ಮಗುವನ್ನು ಕೀಟೋನಿಗೆ ಹೊರಳಿಸಿದ್ದು

ಗ್ಲುಟ್-1 ಎಂದರೆ ರಕ್ತದ ಸಕ್ಕರೆಯನ್ನು ಮಿದುಳಿಗೆ ದಾಟಿಸುವ ಪ್ರೋಟೀನು. ಅದು ಕಡಿಮೆಯಿದ್ದ ಮಗುವಿಗೆ ಕೊಬ್ಬೇ ಹೆಚ್ಚಿರುವ ಆಹಾರ ಕೊಟ್ಟು, ಕೊಬ್ಬಿನಿಂದ ಹುಟ್ಟುವ ಕೀಟೋನನ್ನೇ ಮಿದುಳಿಗೆ ಇಂಧನವಾಗಿಸಿದೆ. ಮೂರು ಔಷಧಕ್ಕೆ ಬಗ್ಗದ ಸೆಳವು ಎಣ್ಣೆಗೆ ಬಗ್ಗುತ್ತದೆಯೇ ಎಂದು ಕೇಳಿದವರೇ ಹೆಚ್ಚು. ಆ ಮಗುವಿಗೆ ಸೆಳವಿಲ್ಲದೆ ಈಗ 14 ತಿಂಗಳು.

ಸುಳಿವು ಕೊಟ್ಟದ್ದು ತಾಯಿ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ತೂರಾಡುವ ಮಗು ಉಂಡ ಅರ್ಧ ಗಂಟೆಗೆ ಸರಿಯಾಗುತ್ತದೆ ಎಂದರು. ಬೆನ್ನುಹುರಿ ದ್ರವದ ಮೊದಲ ಪರೀಕ್ಷೆ ದಂಡವಾಗಿತ್ತು: ಉಪವಾಸ ಮಾಡಿಸಿರಲಿಲ್ಲ, ರಕ್ತವನ್ನೂ ಬೆನ್ನಿಗೆ ಸೂಜಿ ಚುಚ್ಚಿದ ಮೇಲೆ ತೆಗೆದಿದ್ದರು. ಅತ್ತ ಮಗುವಿನ ಸಕ್ಕರೆ ಏರದೆ ಇರುತ್ತದೆಯೇ? ಹಠ ಹಿಡಿದು ಮತ್ತೆ ಮಾಡಿಸಿದೆ. 5 ಗಂಟೆ ಉಪವಾಸ, ರಕ್ತ ಮೊದಲು. ಸಕ್ಕರೆ ರಕ್ತದಲ್ಲಿ ಸುಮಾರು 88 (ಮಿ.ಗ್ರಾಂ/ಡೆ.ಲೀ.), ದ್ರವದಲ್ಲಿ 33 ಮಾತ್ರ: ಮಿದುಳಿಗೆ ಸಾಕಷ್ಟು ದಾಟುತ್ತಿಲ್ಲ. ಕೊಡುತ್ತಿದ್ದ ಮೂರರಲ್ಲಿ ಒಂದು ಫೆನೋಬಾರ್ಬಿಟಾಲ್, ಇರುವ ಅಲ್ಪಸ್ವಲ್ಪ ಗ್ಲುಟ್-1ಕ್ಕೂ ಅಡ್ಡಗಾಲು ಹಾಕುವಂಥದ್ದು!

ಜೀನ್ ವರದಿಗೆ ಕಾಯಲಿಲ್ಲ. ಅಸೈಲ್‌ಕಾರ್ನಿಟೈನ್ ಎಂಬ ರಕ್ತಪರೀಕ್ಷೆಯ ವರದಿಗೆ ಮಾತ್ರ ಕಾದೆ. ಕೊಬ್ಬು ಉರಿಸಲಾರದ ದೋಷವಿದ್ದರೆ ಇದೇ ಆಹಾರ ಮಗುವಿನ ಜೀವ ತೆಗೆಯುತ್ತದೆ.

ಆಹಾರವನ್ನು 4:1ಕ್ಕೆ (ತೂಕದಲ್ಲಿ ಕೊಬ್ಬು ನಾಲ್ಕು ಪಾಲು, ಪ್ರೋಟೀನ್ ಮತ್ತು ಪಿಷ್ಟ ಸೇರಿ ಒಂದು ಪಾಲು) ಏರಿಸಿದ ಮೂರನೇ ವಾರ ರಕ್ತದ ಕೀಟೋನ್ 4ರ (ಮಿಲಿಮೋಲ್/ಲೀ.) ಆಸುಪಾಸು, ದಿನಕ್ಕೆ ಹತ್ತಿದ್ದ ಸೆಳವು ಒಂದಕ್ಕಿಳಿಯಿತು. ಆರನೇ ವಾರ ಕೀಟೋನ್ 1.5ಕ್ಕೆ ಕುಸಿಯಿತು. ಹತ್ತು ದಿನ ನಿದ್ದೆಗೆಟ್ಟೆ. ಆಹಾರ ತೂಗುವ ತಕ್ಕಡಿ ಬದಲಿಸಿದೆ. ಮನೆಯವರು ಕದ್ದು ತಿನ್ನಿಸುತ್ತಿದ್ದಾರೆಂದು ಅನುಮಾನಿಸಿದೆ, ಆ ಮಾತು ಈಗಲೂ ಚುಚ್ಚುತ್ತದೆ. ಮಗು ಉಗುಳುತ್ತದೆಂದು ಯಾರೋ ಮಾತ್ರೆಯನ್ನು ಸಿರಪ್ಪಿಗೆ ಬದಲಿಸಿದ್ದರು. ಸಕ್ಕರೆ ಇದ್ದದ್ದು ಅದರಲ್ಲಿ. ಮಾತ್ರೆಗೆ ಮರಳಿದ ಮೂರನೇ ದಿನ ಕೀಟೋನ್ ಮತ್ತೆ ಏರಿತು.

ದುಡ್ಡು ತಿಂದದ್ದು ಎಣ್ಣೆಯಲ್ಲ, ರಕ್ತದ ಕೀಟೋನ್ ಅಳೆಯುವ ಪಟ್ಟಿಗಳು. ಮೊದಲ ಎರಡು ತಿಂಗಳಲ್ಲಿ ಅವುಗಳ ಖರ್ಚು ಮೂರೂ ಔಷಧಗಳ ಖರ್ಚನ್ನು ಮೀರಿತ್ತು. ಮೂತ್ರದ ಪಟ್ಟಿ ಅಗ್ಗ, ಆದರೆ ರಕ್ತದ ಕೀಟೋನ್ 2 ಇದ್ದರೂ 5 ಇದ್ದರೂ ಅದೇ ಕಡುಬಣ್ಣ. ಅದನ್ನು ನಂಬಿ ಒಂದು ವಾರ ಕಳೆದುಕೊಂಡೆ. ಈಗ ದಿನಕ್ಕೆ ಒಂದೇ ಪಟ್ಟಿ ಸಾಕು. ಅದನ್ನು ಯಾವ ಹೊತ್ತಿಗೆ ಬಳಸಬೇಕು ಎಂಬುದು ನನ್ನ ಲೆಕ್ಕ, ಇಲ್ಲಿ ಬಿಚ್ಚುವುದಿಲ್ಲ.

ನಡುವೆ ಎಂಸಿಟಿ ಎಣ್ಣೆಯನ್ನೂ (ಬೇಗ ಕೀಟೋನಾಗುವ ಮಧ್ಯಮ ಸರಪಳಿಯ ಕೊಬ್ಬು) ನೋಡಿದೆ. ಕೀಟೋನ್ ಬೇಗ ಏರಿತು, ಭೇದಿಯೂ ಅಷ್ಟೇ ಬೇಗ ಶುರುವಾಯಿತು. ಅರ್ಧಕ್ಕಿಳಿಸಿ ಮಲಗುವ ಮುಂಚಿನ ತಿಂಡಿಗೆ ಮಾತ್ರ ಸೇರಿಸಿದಾಗ ಬೆಳಗಿನ ತೂರಾಟ ನಿಂತಿತು. ಇದು ನಾನೇ ಕಂಡುಕೊಂಡದ್ದು.

ಈಗ ಪಿಡಿಎಚ್ (ಸಕ್ಕರೆಯಿಂದ ಬಂದ ಪೈರುವೇಟನ್ನು ಇಂಧನದ ದಾರಿಗೆ ಹಚ್ಚುವ ಕಿಣ್ವ) ಕೊರತೆಯ ಮಗುವೊಂದು ಕೈಗೆ ಬಂದಿದೆ. ಪೈರುವೇಟ್ ದಾರಿ ಮುಚ್ಚಿದ್ದರೂ ಕೀಟೋನ್ ಆ ದಾರಿಯಲ್ಲೇ ಹೋಗಬೇಕಿಲ್ಲವಲ್ಲ. 3:1ರಲ್ಲಿದ್ದೇನೆ, ಆ ದಾರಿ ಮುಚ್ಚಿದಾಗ ರಕ್ತದಲ್ಲಿ ಏರುವ ಲ್ಯಾಕ್ಟೇಟ್ 6ರಿಂದ 4ಕ್ಕೆ ಬಂದಿದೆ.