ಅಂತರ್ಯುದ್ಧದ ನಂತರದ ಕೂಲಿ ಕರಾರನ್ನು ಓದುವುದು ಹೇಗೆ

1865ರಲ್ಲಿ ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ, ಅಲ್ಲಿಯವರೆಗೆ ಗುಲಾಮರಾಗಿದ್ದವರಿಂದ ದಕ್ಷಿಣದ ತೋಟದ ಒಡೆಯರು ಕೂಲಿ ಕರಾರು ಬರೆಸಿಕೊಂಡರು. ಬಿಡುಗಡೆಯಾದ ಗುಲಾಮರ ನೆರವಿಗೆ ಕೇಂದ್ರ ಸರ್ಕಾರ ತೆರೆದ ಕಚೇರಿಯಾದ ಫ್ರೀಡ್‌ಮೆನ್ಸ್ ಬ್ಯೂರೋದ ಕಡತಗಳಲ್ಲಿದ್ದ ಕರಾರುಗಳು ಈಗ ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ, 105ನೆಯ ದಾಖಲೆ ಗುಂಪಿನಲ್ಲಿ ಸಿಗುತ್ತವೆ.

ಕರಾರು ಕೈಗೆ ಬಂದ ಕೂಡಲೇ ಕೂಲಿ ಎಷ್ಟೆಂದು ಹುಡುಕಬೇಡಿ. ಮೊದಲು ತಾರೀಖು, ಆಮೇಲೆ ರಾಜ್ಯ. ಆ ದಿನ, ಆ ಊರಲ್ಲಿ ಯಾರ ಕಾನೂನು ನಡೆಯುತ್ತಿತ್ತು ಎಂಬುದು ತಿಳಿಯದೆ ಒಳಗಿನ ಒಂದು ಸಾಲೂ ಅರ್ಥವಾಗದು.

ಮಿಸಿಸಿಪ್ಪಿಯನ್ನೇ ನೋಡಿ. 1865ರ ನವೆಂಬರಿನಲ್ಲಿ ಅಲ್ಲಿ ಬಂದ ಕಾನೂನುಗಳ ಪ್ರಕಾರ, 1866ರ ಜನವರಿಯ ಎರಡನೇ ಸೋಮವಾರ ಅಥವಾ ಆ ಬಳಿಕ ಕೆಲಸವಿಲ್ಲದೆ ಕಂಡ ಕಪ್ಪು ಜನ ಅಲೆಮಾರಿತನದ ಅಪರಾಧಿಗಳು. ದಂಡ 50 ಡಾಲರ್‌ವರೆಗೆ. ಐದು ದಿನದಲ್ಲಿ ಕಟ್ಟದಿದ್ದರೆ, ದಂಡ ತೆರುವವನ ಬಳಿ ದುಡಿಯಲು ಷೆರಿಫ್ ಅವರನ್ನು ಒಪ್ಪಿಸುತ್ತಿದ್ದ. ಹಾಗಾಗಿ ಆ ಜನವರಿಯ ಮಿಸಿಸಿಪ್ಪಿ ಕರಾರಿನಲ್ಲಿ ರುಜು ಕಂಡರೆ ಅದನ್ನು ಮನಃಪೂರ್ವಕ ಒಪ್ಪಿಗೆ ಎನ್ನಲು ಅವಸರ ಮಾಡಬಾರದು. 1865ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಅಮೆರಿಕ ಸಂವಿಧಾನದ 13ನೆಯ ತಿದ್ದುಪಡಿ ಗುಲಾಮಗಿರಿಯನ್ನು ತೊಡೆದುಹಾಕಿತು, ಆದರೆ ಅಪರಾಧಕ್ಕೆ ಶಿಕ್ಷೆಯಾಗಿ ದುಡಿಸುವುದನ್ನು ಹೊರಗಿಟ್ಟಿತು. ಅಲೆಮಾರಿತನದ ಕಾನೂನು ನುಸುಳಿದ್ದು ಈ ಕಿಂಡಿಯಲ್ಲೇ.

ಮುಂದೆ, ಕೆಲಸ ಬಿಡುವ ಷರತ್ತು. ಇಡೀ ಕಾಗದದಲ್ಲಿ ಅತಿ ನಿಧಾನವಾಗಿ ಓದಬೇಕಾದದ್ದು ಇದು. ತಕ್ಕ ಕಾರಣವಿಲ್ಲದೆ ಅವಧಿಗೆ ಮುನ್ನ ಬಿಟ್ಟವನ ಆ ವರ್ಷದ ಕೂಲಿಯೆಲ್ಲ ಮುಳುಗುತ್ತದೆಂದು ಮಿಸಿಸಿಪ್ಪಿಯ ಕಾನೂನೇ ಹೇಳುತ್ತಿತ್ತು. ಓಡಿಹೋದವನನ್ನು ಹಿಡಿದು ತಂದವನಿಗೆ 5 ಡಾಲರ್, ಜೊತೆಗೆ ಮೈಲಿಗೆ 10 ಸೆಂಟ್. ಕೂಲಿ ವರ್ಷದ ಕೊನೆಗೆ ಎಂದಿದ್ದರೆ ಆಳಿನ ಕೈ ಕಟ್ಟಿದಂತೆಯೇ. ತಿಂಗಳಿಗೊಮ್ಮೆ ಅರ್ಧವಾದರೂ ಕೈಸೇರುತ್ತಿತ್ತೇ, ‘ತಕ್ಕ ಕಾರಣ’ವನ್ನು ತೀರ್ಮಾನಿಸುವವರು ಯಾರು ಎಂಬುದನ್ನು ಗುರುತು ಹಾಕಿಕೊಳ್ಳಿ.

ಕೂಲಿಯ ಬದಲು ಬೆಳೆಯ ಪಾಲು ಬರೆದಿದ್ದರೆ, ಮೂರನೇ ಒಂದೋ ಅರ್ಧವೋ ಎಂಬುದಕ್ಕಿಂತ, ಪಾಲು ಮಾಡುವುದು ಖರ್ಚು ಕಳೆಯುವ ಮೊದಲೋ ಕಳೆದ ಮೇಲೋ ಎಂಬುದು ಮುಖ್ಯ. ಬೀಜ, ಹೇಸರಗತ್ತೆ, ದವಸ, ಬಟ್ಟೆ, ಕಾಯಿಲೆ ಬಿದ್ದ ದಿನಗಳು ಯಾರ ಲೆಕ್ಕಕ್ಕೆ ಎಂದು ಪಟ್ಟಿ ಮಾಡಿ. ಆ ಲೆಕ್ಕದ ಪುಸ್ತಕ ಸಾಮಾನ್ಯವಾಗಿ ಒಡೆಯನ ಬಳಿಯೇ ಇರುತ್ತಿತ್ತು.

ಹೆಸರಿನ ಪಕ್ಕದ ಎಕ್ಸ್ ಗುರುತು ಓದುಬರಹ ಬಾರದವರದು. ಗುಲಾಮರಿಗೆ ಅಕ್ಷರ ಕಲಿಸುವುದನ್ನೇ ಹಲವು ರಾಜ್ಯಗಳು ನಿಷೇಧಿಸಿದ್ದವು. ಅದನ್ನು ದಡ್ಡತನವೆಂದು ಓದುವುದು ಅನ್ಯಾಯ. ಕರಾರನ್ನು ಓದಿ ಹೇಳಿದವರು ಯಾರು, ಸಾಕ್ಷಿ ಹಾಕಿದವರು ಒಡೆಯನ ನೆಂಟರೇ ಎಂದು ವಿಚಾರಿಸಿ.

ಬ್ಯೂರೋ ಅಧಿಕಾರಿಯ ಒಪ್ಪಿಗೆ ಇದೆಯೆಂದ ಮಾತ್ರಕ್ಕೆ ಕರಾರು ನ್ಯಾಯವಾಗಿತ್ತೆಂದಲ್ಲ. ಇಡೀ ದಕ್ಷಿಣಕ್ಕೆ ಒಮ್ಮೆಗೆ 900ಕ್ಕಿಂತ ಹೆಚ್ಚು ಮಂದಿ ಅಧಿಕಾರಿಗಳು ಇರಲೇ ಇಲ್ಲ. ಸ್ವಾತಂತ್ರ್ಯ ಘೋಷಿಸಿದ ಸರ್ಕಾರ ಅದನ್ನು ಕಾಯಲು ಕಳಿಸಿದ ಜನ ಅಷ್ಟೇ. ಆದ್ದರಿಂದ ಅದೇ ಕಚೇರಿಯ ದೂರಿನ ಪುಸ್ತಕ ತೆರೆದು, ಅದೇ ಒಡೆಯನ ಹೆಸರು ಹುಡುಕಿ. ಹೊಡೆತ, ತಡೆಹಿಡಿದ ಕೂಲಿ, ಸುಗ್ಗಿ ಮುಗಿಯುತ್ತಲೇ ಹೊರದಬ್ಬಿದ್ದು ಅಲ್ಲಿ ದಾಖಲಾಗಿರುತ್ತವೆ.

ಎರಡು ತಾರೀಖುಗಳನ್ನು ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. 1866ರ ಏಪ್ರಿಲ್ 9ರಂದು ಅಧ್ಯಕ್ಷ ಜಾನ್ಸನ್ನರ ತಡೆಯನ್ನು ಮೀರಿ ಬಂದ ನಾಗರಿಕ ಹಕ್ಕುಗಳ ಕಾಯ್ದೆ, ಕರಾರು ಮಾಡುವ, ಮೊಕದ್ದಮೆ ಹೂಡುವ, ಸಾಕ್ಷಿ ಹೇಳುವ ಹಕ್ಕನ್ನು ಕಪ್ಪು ಜನರಿಗೂ ಕೊಟ್ಟಿತು. 1867ರ ಮಾರ್ಚ್ 2ರ ಕಾಯ್ದೆ ದಕ್ಷಿಣದ ಹತ್ತು ರಾಜ್ಯಗಳನ್ನು ಐದು ಸೇನಾ ವಲಯಗಳಡಿ ತಂದಿತು. ಅದೇ ಒಡೆಯ ಈ ದಿನಗಳ ಹಿಂದೆ ಮುಂದೆ ಬರೆಸಿದ ಕರಾರುಗಳು ಸಿಕ್ಕರೆ, ಷರತ್ತುಗಳನ್ನು ಸಾಲುಸಾಲಾಗಿ ಹೋಲಿಸಿ.

ಕಡೆಗೆ ಆ ಹೆಸರುಗಳನ್ನು 1870ರ ಜನಗಣತಿಯಲ್ಲಿ ನೋಡಿ. 1850, 1860ರ ಗುಲಾಮರ ಪಟ್ಟಿಗಳಲ್ಲಿ ಒಡೆಯನ ಹೆಸರಿನಡಿ ಬಹುಪಾಲು ವಯಸ್ಸು, ಲಿಂಗ, ಬಣ್ಣ ಮಾತ್ರ. ಕಾಗುಣಿತ ಬದಲಾಗುತ್ತದೆ, ಕುಲನಾಮವೂ ಬದಲಾಗಿರಬಹುದು. ಮನೆಯವರ ಹೆಸರು, ವಯಸ್ಸುಗಳನ್ನು ಒಟ್ಟಿಗೆ ಹೊಂದಿಸಿ ನೋಡಿದರೆ, ಕುಟುಂಬ ಅದೇ ತೋಟದ ಆಸುಪಾಸಿನಲ್ಲಿದೆಯೋ ಬೇರೆಡೆಗೆ ಹೋಯಿತೋ ತಿಳಿಯುತ್ತದೆ.